ಕಾಲೇಜಿನ ದಾರಿ ಎಂಟನೆಯ ತರಗತಿಯಿಂದಲೇ

ಜೂನ್ ತಿಂಗಳು ಬಂತೆಂದರೆ ನಮ್ಮ ವಾಚನಾಲಯದ ಉದ್ದ ಮೇಜಿನ ಮೇಲೆ ವರ್ತಮಾನಪತ್ರಿಕೆಗಳಿಗಿಂತ ಸರ್ಟಿಫಿಕೇಟುಗಳೇ ಹೆಚ್ಚಾಗಿ ಹರಡಿಕೊಳ್ಳುತ್ತವೆ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದಿರುತ್ತದೆ. ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ತಂದೆಯಾದವನು ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ಹೊರತೆಗೆಯುತ್ತಾನೆ. ಒಂದಿದ್ದರೆ ಇನ್ನೊಂದಿಲ್ಲ, ಎರಡೂ ಇದ್ದರೆ ಎರಡರಲ್ಲಿ ಹೆಸರು ಬೇರೆಬೇರೆ. ಅರ್ಜಿ ಸಲ್ಲಿಸಲು ಉಳಿದಿರುವುದು ಮೂರೋ ನಾಲ್ಕೋ ದಿನ. “ಇದೆಲ್ಲ ಬೇಕೆಂದು ಮೊದಲೇ ಯಾರೂ ಹೇಳಲಿಲ್ಲವಲ್ಲ ಮಾರಾಯ್ರೆ” ಎಂಬ ಮಾತು ಪ್ರತಿವರ್ಷವೂ ತಪ್ಪದೆ ನನ್ನ ಕಿವಿಗೆ ಬೀಳುತ್ತದೆ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದೆಂದು ಹಿರಿಯರು ಹೇಳಿದ್ದಾರೆ. ಕಾಲೇಜಿನ ವಿಷಯದಲ್ಲಿ ಬಾವಿ ತೋಡಲು ತಕ್ಕ ಕಾಲ ಎಂಟನೆಯ ತರಗತಿ, ಅಂದರೆ ಹೈಸ್ಕೂಲಿನ ಮೊದಲನೆಯ ವರ್ಷ. “ಹದಿಮೂರು ವರ್ಷದ ಮಗುವಿಗೆ ಈಗಲೇ ಕಾಲೇಜಿನ ಮಾತೇಕೆ?” ಎಂದು ವಾಚಕರು ಕೇಳಬಹುದು. ಮಗುವಿಗೆ ಬೇಕಾಗಿಲ್ಲ, ನಿಜ. ಬೇಕಾದುದು ತಂದೆತಾಯಿಗಳಿಗೆ. ಅದರಲ್ಲೂ ಊರು ಬಿಟ್ಟು ಬಂದು ಪರರಾಜ್ಯದಲ್ಲಿ ನೆಲೆಸಿರುವ ನಮ್ಮಂತಹ ತಂದೆತಾಯಿಗಳಿಗೆ. ಊರಿನಲ್ಲೇ ಉಳಿದವನ ಮಗನಿಗೆ ಅಂಕಗಳದೊಂದೇ ಚಿಂತೆ. ನಮ್ಮ ಮಕ್ಕಳಿಗೆ ಅಂಕಗಳ ಜೊತೆಗೆ ಕಾಗದದ ಚಿಂತೆ, ವರ್ಷಗಳ ಚಿಂತೆ. ಅಂಕ ಸಾಲದೆ ಸೀಟು ತಪ್ಪಿದರೆ ಸಮಾಧಾನ ಹೇಳಬಹುದು. ಅಂಕವಿದ್ದೂ ತಪ್ಪಿದರೆ ಏನೆಂದು ಸಮಾಧಾನ ಹೇಳುವುದು?

ಇಂತಹ ಒಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕಾಗಿದೆ, ಏಕೆಂದರೆ ಅದರಲ್ಲಿ ತಪ್ಪು ನನ್ನದೇ. ಕೆಲವು ವರ್ಷಗಳ ಹಿಂದೆ ಕೋಟೆ ಭಾಗದ ಒಂದು ಕ್ಯಾಂಟೀನಿನಲ್ಲಿ ದುಡಿಯುವ ನಮ್ಮ ಸದಸ್ಯರೊಬ್ಬರು ಮಗನ ಹೈಸ್ಕೂಲಿನ ಬಗ್ಗೆ ಸಲಹೆ ಕೇಳಿದರು. ಹುಡುಗ ಏಳನೆಯ ತರಗತಿಯವರೆಗೆ ಮುಂಬಯಿಯಲ್ಲೇ ಓದಿದ್ದ. ಮನೆಯೋ ಒಂದೇ ಖೋಲಿ, ಗಂಡಹೆಂಡಿರಿಬ್ಬರೂ ದುಡಿಯುವವರು. “ಊರಿಗೆ ಅಜ್ಜಿಯ ಹತ್ತಿರ ಕಳಿಸಿ. ಗಾಳಿ ನೀರು ಒಳ್ಳೆಯದು, ಕನ್ನಡವೂ ಕೈಗೆ ಹತ್ತುತ್ತದೆ” ಎಂದೆ. ಅವರು ಹಾಗೆಯೇ ಮಾಡಿದರು. ಹುಡುಗ ಎಂಟು, ಒಂಬತ್ತು, ಹತ್ತನ್ನು ಕುಂದಾಪುರದ ಕಡೆ ಓದಿ, ಒಳ್ಳೆಯ ಅಂಕ ತೆಗೆದು, ಹನ್ನೊಂದನೆಯ ತರಗತಿಗೆ ಮುಂಬಯಿಗೆ ಮರಳಿ ಬಂದ. ಡಾಕ್ಟರಾಗಬೇಕೆಂದು ಹಗಲಿರುಳು ಓದಿದ. ನೀಟ್ ಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕ ರಾಜ್ಯದ ಪಟ್ಟಿಯಲ್ಲಿ ಸೀಟು ಸಿಗುವಷ್ಟಿತ್ತು. ಆದರೆ ಯಾವ ರಾಜ್ಯದ ಪಟ್ಟಿ? ಹತ್ತನೆಯ ತರಗತಿಯನ್ನು ಮಹಾರಾಷ್ಟ್ರದಲ್ಲಿ ಮುಗಿಸಿರಲಿಲ್ಲವಾದ್ದರಿಂದ ಇಲ್ಲಿನ ಪಟ್ಟಿಗೆ ಅವನು ಸಲ್ಲಲಿಲ್ಲ. ಕರ್ನಾಟಕದಲ್ಲಿ ಓದಿದ್ದು ಮೂರೇ ವರ್ಷವಾದ್ದರಿಂದ ಅಲ್ಲಿಯ ಪಟ್ಟಿಗೂ ಸಲ್ಲಲಿಲ್ಲ. ಎರಡೂ ಊರಿನವನಾಗಿದ್ದ ಹುಡುಗ ಎರಡೂ ಕಡೆಗೆ ಹೊರಗಿನವನಾದ. ಇಂದು ಅವನು ಬಿ.ಎಸ್ಸಿ. ಮುಗಿಸಿ ಒಂದು ಪ್ರಯೋಗಶಾಲೆಯಲ್ಲಿ ಮರ್ಯಾದೆಯಿಂದ ದುಡಿಯುತ್ತಿದ್ದಾನೆ, ಮನೆಗೆ ಆಧಾರವಾಗಿದ್ದಾನೆ. ಅವನ ತಂದೆ ಇಂದಿಗೂ ನನ್ನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ನನ್ನ ಮನಸ್ಸಿನ ಭಾರ ಸ್ವಲ್ಪ ಕಡಮೆಯಾಗುತ್ತಿತ್ತೋ ಏನೋ. ಆ ಬಳಿಕ ನಾನು ಈ ನಿಯಮಗಳನ್ನು ಓದತೊಡಗಿದೆ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಜ್ಯಗಳು ವರ್ಷ ಎಣಿಸುತ್ತವೆ

ಮೊದಲು ತಿಳಿಯಬೇಕಾದುದು ಇದು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ನೂರು ಎಂ.ಬಿ.ಬಿ.ಎಸ್. ಸೀಟುಗಳಲ್ಲಿ 15 ಮಾತ್ರ ಇಡೀ ದೇಶದವರಿಗೆ ತೆರೆದಿರುತ್ತವೆ. ಉಳಿದ 85 ಆಯಾ ರಾಜ್ಯದವರಿಗೆ. ಇಂಜಿನಿಯರಿಂಗ್ ಮೊದಲಾದ ವೃತ್ತಿಶಿಕ್ಷಣಗಳಲ್ಲಿಯೂ ಕಡಮೆ ಫೀಸಿನ ಸರ್ಕಾರಿ ಸೀಟುಗಳ ಬಹುಭಾಗ ರಾಜ್ಯದವರ ಪಾಲು. ‘ರಾಜ್ಯದವನು’ ಯಾರೆಂಬುದನ್ನು ಪ್ರತಿಯೊಂದು ರಾಜ್ಯವೂ ತನ್ನದೇ ಲೆಕ್ಕದಿಂದ ನಿರ್ಣಯಿಸುತ್ತದೆ. ಮಾತೃಭಾಷೆ ಯಾವುದು, ಮೂಲ ಊರು ಯಾವುದು ಎಂಬುದಕ್ಕಿಂತ, ಮಗು ಯಾವ ತರಗತಿಯನ್ನು ಎಲ್ಲಿ ಕುಳಿತು ಓದಿತು ಎಂಬುದೇ ಆ ಲೆಕ್ಕದಲ್ಲಿ ಮುಖ್ಯ.

ಮಹಾರಾಷ್ಟ್ರದಲ್ಲಿ ವೈದ್ಯಕೀಯ ಸೀಟಿಗೆ ರಾಜ್ಯದ ಅಭ್ಯರ್ಥಿಯೆನಿಸಬೇಕಾದರೆ ಹತ್ತನೆಯ ಮತ್ತು ಹನ್ನೆರಡನೆಯ ಪರೀಕ್ಷೆಗಳೆರಡನ್ನೂ ಇಲ್ಲಿಯೇ ಪಾಸು ಮಾಡಿರಬೇಕು. ಅದರೊಂದಿಗೆ ಡೊಮಿಸೈಲ್ ಸರ್ಟಿಫಿಕೇಟು ಇರಬೇಕು. ಈ ಸರ್ಟಿಫಿಕೇಟು ಸಿಗಲು ರಾಜ್ಯದಲ್ಲಿ ಹದಿನೈದು ವರ್ಷದ ವಾಸಕ್ಕೆ ದಾಖಲೆ ತೋರಿಸಬೇಕಾಗುತ್ತದೆ. ನಾವು ಇಂದು ಭಾಂಡೂಪ, ನಾಳೆ ಡೊಂಬಿವಲಿ, ನಾಡಿದ್ದು ನಾಲಾಸೋಪಾರಾ ಎಂದು ಖೋಲಿ ಬದಲಿಸುವವರು. ಹಳೆಯ ಬಾಡಿಗೆ ಕರಾರು, ಲೈಟ್ ಬಿಲ್ಲು, ರೇಷನ್ ಕಾರ್ಡಿನ ಪ್ರತಿಗಳನ್ನು ರದ್ದಿಗೆ ಹಾಕಿ ಕೈ ತೊಳೆದುಕೊಳ್ಳುತ್ತೇವೆ. ಇನ್ನು ಮುಂದೆ ಹಾಗೆ ಮಾಡಬಾರದು. ವರ್ಷಕ್ಕೊಂದಾದರೂ ವಾಸದ ಕಾಗದ ಉಳಿಯುವಂತೆ ನೋಡಿಕೊಳ್ಳಬೇಕು.

ಕರ್ನಾಟಕದ ಲೆಕ್ಕ ಬೇರೆ. ಅಲ್ಲಿಯ ಸಾಮಾನ್ಯ ನಿಯಮದಂತೆ ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ 7 ಪೂರ್ಣ ವರ್ಷ ಕರ್ನಾಟಕದಲ್ಲಿ ಓದಿರಬೇಕು; ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ.ಯನ್ನು ಅಲ್ಲಿ ಪಾಸು ಮಾಡಿರಬೇಕು. ಈಗ ಕೈಬೆರಳಲ್ಲಿ ಎಣಿಸಿ ನೋಡಿ. ಎಂಟನೆಯ ತರಗತಿಗೆ ಮಗುವನ್ನು ಊರಿಗೆ ಕಳಿಸಿದರೆ ಹನ್ನೆರಡು ಮುಗಿಯುವಾಗ ಆಗುವುದು ಐದೇ ವರ್ಷ. ಏಳು ವರ್ಷವಾಗಬೇಕಿದ್ದರೆ ಆರನೆಯ ತರಗತಿಗೇ ಕಳಿಸಬೇಕಿತ್ತು. ಹೀಗೆ ಎಂಟರಲ್ಲಿ ಕಳಿಸಿದವರಿಗೆ ಈ ಬಾಗಿಲು ಮುಚ್ಚಿರುತ್ತದೆ. ಹತ್ತನ್ನು ಊರಿನಲ್ಲಿ ಮುಗಿಸಿ ಮರಳಿ ಬಂದವರಿಗೆ ಮುಂಬಯಿಯ ಬಾಗಿಲೂ ಮುಚ್ಚುತ್ತದೆ. ನಾನು ಮೇಲೆ ಹೇಳಿದ ಹುಡುಗನಿಗೆ ಆದದ್ದು ಇದೇ.

ಆದರೆ ಕರ್ನಾಟಕಕ್ಕೆ ಇನ್ನೊಂದು ಬಾಗಿಲುಂಟು, ಹಲವರಿಗೆ ತಿಳಿಯದ್ದು. ಮಗು ಪ್ರಥಮ ಮತ್ತು ದ್ವಿತೀಯ ಪಿ.ಯು.ಸಿ.ಗಳನ್ನು ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆತಾಯಿಗಳಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಶಾಲೆ ಓದಿದ್ದರೆ ಆಗಲೂ ಅರ್ಹತೆ ಬರುತ್ತದೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಹೋಟೆಲು ಸೇರಿದ ತಂದೆಯಿಂದ ಇದು ಸಾಧ್ಯವಾಗದೆ ಹೋಗಬಹುದು. ತಾಯಿ ಏಳನೆಯವರೆಗೆ ಊರಿನಲ್ಲಿ ಓದಿದ್ದರೆ ಸಾಕು. ಆಕೆಯ ಶಾಲೆಯಿಂದ ವ್ಯಾಸಂಗದ ಸರ್ಟಿಫಿಕೇಟು ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಿಕೊಳ್ಳಬೇಕು. ಹಳ್ಳಿಯ ಎಷ್ಟೋ ಸಣ್ಣ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುತ್ತಿರುವ ಕಾಲ ಇದು. ದಾಖಲೆಪುಸ್ತಕ ಎಲ್ಲಿದೆಯೆಂದು ಹುಡುಕಲು ಒಂದು ರಜೆ ಸಾಲದು. ಇದನ್ನು ಎಂಟನೆಯ ತರಗತಿಯಲ್ಲೇ ಆರಂಭಿಸಬೇಕೆಂದು ನಾನು ಹೇಳುವುದು ಅದಕ್ಕಾಗಿಯೇ.

ಹೊರನಾಡು ಹಾಗೂ ಗಡಿನಾಡು ಕನ್ನಡಿಗರಿಗೆಂದು ಕರ್ನಾಟಕದಲ್ಲಿ ಬೇರೆಯೇ ಏರ್ಪಾಡೂ ಇದೆ. ಇದರಡಿ ಅರ್ಜಿ ಹಾಕುವವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಕನ್ನಡ ಭಾಷಾ ಪರೀಕ್ಷೆಯೊಂದನ್ನು ನಡೆಸುತ್ತದೆ. ಇದನ್ನೇ ನಂಬಿ ಕೂರುವಂತಿಲ್ಲ. ಆದರೆ ಬಿಟ್ಟುಕೊಡುವಂತೆಯೂ ಇಲ್ಲ. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಕನ್ನಡ ಅಕ್ಷರ ಮಾತ್ರ ಓದಲು ಬಾರದ ಮಕ್ಕಳು ನಮ್ಮಲ್ಲಿ ಈಗ ಬಹಳ. ವಾರಕ್ಕೆರಡು ದಿನ ಮಗುವನ್ನು ವಾಚನಾಲಯಕ್ಕೆ ಕರೆತಂದು ಒಂದು ಗಂಟೆ ಕನ್ನಡ ಓದಿಸಿದರೆ ಐದು ವರ್ಷದಲ್ಲಿ ಆ ಪರೀಕ್ಷೆಯ ಹೆದರಿಕೆ ಇರುವುದಿಲ್ಲ. ಭಾಷಾಭಿಮಾನದ ಮಾತು ಹಾಗಿರಲಿ, ಲಾಭದ ದೃಷ್ಟಿಯಿಂದಲೂ ಇದು ನಷ್ಟದ ಬಾಬಲ್ಲ.

ನಮ್ಮ ಈ ಪತ್ರಿಕೆ ಬೇರೆ ನಗರಗಳಲ್ಲಿರುವ ಬಂಧುಗಳ ಕೈಗೂ ಹೋಗುವುದರಿಂದ ಅವರಿಗೂ ಒಂದೆರಡು ಮಾತು. ತಮಿಳುನಾಡಿನಲ್ಲಿ ಇಂಜಿನಿಯರಿಂಗ್ ಪ್ರವೇಶಕ್ಕೆ 8ರಿಂದ 12ನೆಯ ತರಗತಿಯವರೆಗೆ ಅಲ್ಲಿಯೇ ಓದಿದವರಿಂದ ಮೂಲನಿವಾಸದ ಸರ್ಟಿಫಿಕೇಟನ್ನು ಕೇಳುವುದಿಲ್ಲ. ವೈದ್ಯಕೀಯಕ್ಕೆ ಈ ಎಣಿಕೆ 6ನೆಯ ತರಗತಿಯಿಂದ. ತೆಲಂಗಾಣದಲ್ಲಿ ಸ್ಥಳೀಯನೆನಿಸಲು ಹನ್ನೆರಡನೆಯವರೆಗಿನ ಕೊನೆಯ ನಾಲ್ಕು ವರ್ಷ ಸತತವಾಗಿ ಅಲ್ಲಿ ಓದಿರಬೇಕು. ಅಂದರೆ ಹೈದರಾಬಾದಿನವರ ಗಡಿಯಾರ 9ನೆಯ ತರಗತಿಯಿಂದ ಓಡುತ್ತದೆ. ದೆಹಲಿಯಲ್ಲಿ ರಾಜ್ಯದ ಪಾಲಿನ ಎಂ.ಬಿ.ಬಿ.ಎಸ್. ಸೀಟಿಗೆ 11 ಮತ್ತು 12ನೆಯ ತರಗತಿಗಳು ಮುಖ್ಯ. ಪುಣೆಯವರಿಗೆ ಮುಂಬಯಿಯ ನಿಯಮವೇ.

ಇದೆಲ್ಲದರ ಸಾರ ಒಂದೇ: ಹನ್ನೆರಡನೆಯ ತರಗತಿ ಯಾವ ರಾಜ್ಯದಲ್ಲಿ ಮುಗಿಯಬೇಕೆಂಬುದನ್ನು ಎಂಟನೆಯ ತರಗತಿಯಲ್ಲಿ ನಿರ್ಧರಿಸಿ, ಮಧ್ಯದಲ್ಲಿ ಮಗುವನ್ನು ಅತ್ತಿಂದಿತ್ತ ಕಳಿಸದಿರಿ. ಕಳಿಸಲೇಬೇಕಾಗಿ ಬಂದರೆ ಲೆಕ್ಕ ಹಾಕಿ ಕಳಿಸಿ. ನಿಯಮಗಳು ಆಗಾಗ ತಿದ್ದುಪಡಿಯಾಗುವುದುಂಟು. ಆದಕಾರಣ ಆಯಾ ವರ್ಷದ ಪ್ರವೇಶ ಕೈಪಿಡಿಯನ್ನು ಓದದೆ ಯಾರ ಮಾತನ್ನೂ, ನನ್ನ ಮಾತನ್ನೂ ಸಹ, ಕೊನೆಯ ಮಾತೆಂದು ತಿಳಿಯಬೇಡಿ.

ಹೆಸರಿನ ಗೊಂದಲ

ನಮ್ಮ ಕಡೆಯ ಹೆಸರುಗಳಿಗೂ ಇಲ್ಲಿಯ ಫಾರ್ಮುಗಳಿಗೂ ಹೊಂದಾಣಿಕೆ ಕಡಮೆ. ಊರಿನಲ್ಲಿ ಹೆಸರಿನ ಮುಂದೆ ಒಂದೆರಡು ಇನಿಷಿಯಲ್ಲು ಇದ್ದರೆ ಮುಗಿಯಿತು. ಇಲ್ಲಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು ಎಂದು ಮೂರು ಮನೆ ತುಂಬಬೇಕು. ಅಡ್ಡಹೆಸರಿನ ಮನೆಯಲ್ಲಿ ಒಬ್ಬರು ಊರಿನ ಹೆಸರು ಬರೆಯುತ್ತಾರೆ, ಒಬ್ಬರು ಜಾತಿಯ ಹೆಸರು, ಮತ್ತೊಬ್ಬರು ತಂದೆಯ ಹೆಸರನ್ನೇ ಎರಡು ಸಲ. ಅಣ್ಣನಿಗೊಂದು, ತಂಗಿಗೊಂದು ಅಡ್ಡಹೆಸರಾದ ಮನೆಗಳೂ ನಮ್ಮಲ್ಲುಂಟು. ಶಾಲೆಯ ರಿಜಿಸ್ಟರು, ಜನನದ ದಾಖಲೆ, ಆಧಾರ್ ಕಾರ್ಡು, ಜಾತಿಯ ಸರ್ಟಿಫಿಕೇಟು ಈ ನಾಲ್ಕರಲ್ಲಿ ಹೆಸರು ಮತ್ತು ಜನ್ಮದಿನಾಂಕ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು.

ಮಗು ಶಾಲೆಯಲ್ಲಿರುವಾಗ ಹೆಡ್‌ಮಾಸ್ತರರಲ್ಲಿ ಅರ್ಜಿ ಕೊಟ್ಟು, ಆಧಾರಪತ್ರ ತೋರಿಸಿ ತಿದ್ದಿಸುವುದು ಸಾಧ್ಯ. ಶಾಲೆ ಬಿಟ್ಟು ಲೀವಿಂಗ್ ಸರ್ಟಿಫಿಕೇಟು ಕೈಗೆ ಬಂದ ಮೇಲೆ ಅದೇ ಕೆಲಸಕ್ಕೆ ಪ್ರತಿಜ್ಞಾಪತ್ರ, ಗೆಜೆಟು, ಬೋರ್ಡಿನ ಕಚೇರಿ ಎಂದು ಅಲೆಯಬೇಕಾಗುತ್ತದೆ. ಅಷ್ಟು ಸಲ ರಜೆ ಹಾಕಿದರೆ ಪಗಾರದಲ್ಲಿ ಎಷ್ಟು ಕಡಿತವಾಗುತ್ತದೆಂಬುದು ವಾಚಕರಿಗೆ ಗೊತ್ತೇ ಇದೆ. ಸಿ.ಬಿ.ಎಸ್.ಇ. ಶಾಲೆಗಳಲ್ಲಿ ಒಂಬತ್ತನೆಯ ತರಗತಿಯಲ್ಲೇ ಬೋರ್ಡಿಗೆ ಹೆಸರು ನೋಂದಾಯಿಸುತ್ತಾರೆ. ಆಗ ಕೊಟ್ಟ ಹೆಸರೇ ಹತ್ತನೆಯ ಸರ್ಟಿಫಿಕೇಟಿನಲ್ಲಿ ಅಚ್ಚಾಗುತ್ತದೆ. ಆದುದರಿಂದ ತಿದ್ದುವುದಿದ್ದರೆ ಎಂಟನೆಯದೇ ತಕ್ಕ ವರ್ಷ. ಜನ್ಮದಿನಾಂಕವನ್ನೂ ಅಲಕ್ಷ್ಯ ಮಾಡಬೇಡಿ: ನೀಟ್ ಪರೀಕ್ಷೆ ಬರೆಯುವವನಿಗೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ಜಾತಿಯ ಸರ್ಟಿಫಿಕೇಟು

ಈ ವಿಷಯದಲ್ಲಿ ನಮ್ಮವರು ಮೋಸಹೋಗುವುದು ಹೆಚ್ಚು. ಊರಿನ ತಹಸೀಲ್ದಾರರ ಸರ್ಟಿಫಿಕೇಟು ಇದೆಯಲ್ಲ, ಎಲ್ಲಿಯಾದರೂ ನಡೆಯುತ್ತದೆ ಎಂದು ತಿಳಿದಿರುತ್ತಾರೆ. ಅದು ಹಾಗಲ್ಲ. ಸಂವಿಧಾನದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಪಟ್ಟಿ ರಾಜ್ಯರಾಜ್ಯಕ್ಕೆ ಬೇರೆ. ಒಂದು ರಾಜ್ಯದಲ್ಲಿ ಪಡೆದ ಸ್ಥಾನವು ಇನ್ನೊಂದು ರಾಜ್ಯಕ್ಕೆ ವಲಸೆ ಹೋದವನ ಹಿಂದೆ ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ ತೀರ್ಪಿತ್ತಿದೆ. ಆ ಮೊಕದ್ದಮೆ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ, ಆಂಧ್ರದಿಂದ ಬಂದ ನೌಕರನೊಬ್ಬನ ಮಗನ ವೈದ್ಯಕೀಯ ಸೀಟಿನ ವಿಷಯದಲ್ಲಿ.

ಹಾಗಾದರೆ ದಾರಿಯೇ ಇಲ್ಲವೆ? ಎರಡು ದಾರಿಗಳಿವೆ. ಒಂದು, ಐ.ಐ.ಟಿ., ಎನ್.ಐ.ಟಿ., ಕೇಂದ್ರೀಯ ವಿಶ್ವವಿದ್ಯಾಲಯ ಮುಂತಾದ ಕೇಂದ್ರ ಸರ್ಕಾರದ ಸಂಸ್ಥೆಗಳಲ್ಲಿ ಮೂಲ ರಾಜ್ಯದ ಸ್ಥಾನವೇ ನಡೆಯುತ್ತದೆ. ಅಲ್ಲಿಗೆ ಕೇಂದ್ರದ ನಮೂನೆಯ ಸರ್ಟಿಫಿಕೇಟು ಬೇಕು; ಹಿಂದುಳಿದ ವರ್ಗದವರಾದರೆ ಜಾತಿಯ ಹೆಸರು ಕೇಂದ್ರದ ಪಟ್ಟಿಯಲ್ಲಿರಬೇಕು. ಎರಡು, ಮಹಾರಾಷ್ಟ್ರದಲ್ಲಿ ಗೊತ್ತುಪಡಿಸಿದ ದಿನಾಂಕಕ್ಕೆ ಮುಂಚೆಯೇ ತಮ್ಮ ಕುಟುಂಬ ಇಲ್ಲಿ ನೆಲೆಸಿತ್ತೆಂದು ತೋರಿಸಬಲ್ಲವರು, ಆ ಜಾತಿ ಇಲ್ಲಿಯ ಪಟ್ಟಿಯಲ್ಲೂ ಇದ್ದರೆ, ಇಲ್ಲಿಯ ಸರ್ಟಿಫಿಕೇಟನ್ನೇ ಕೇಳಬಹುದು. ಪರಿಶಿಷ್ಟ ಜಾತಿಗೆ ಆ ದಿನಾಂಕ 10-8-1950, ಪರಿಶಿಷ್ಟ ಪಂಗಡಕ್ಕೆ 6-9-1950, ವಿಮುಕ್ತ ಜಾತಿ ಮತ್ತು ಅಲೆಮಾರಿ ಜಮಾತಿಗಳಿಗೆ 21-11-1961, ಇತರ ಹಿಂದುಳಿದ ವರ್ಗಗಳಿಗೆ 13-10-1967.

ಈ ಕೊನೆಯ ದಿನಾಂಕವನ್ನು ಓದಿದಾಗ ಅನೇಕರಿಗೆ ತಮ್ಮ ಅಜ್ಜಂದಿರ ನೆನಪಾಗಬೇಕು. ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತ ಅಕ್ಷರ ಕಲಿತ ತಲೆಮಾರು ಅದು. ಅವರು ಹಳೆಯ ಪೆಟ್ಟಿಗೆಯ ತಳದಲ್ಲಿ ಬಿಟ್ಟುಹೋದ ಶಾಲೆಯ ಸರ್ಟಿಫಿಕೇಟೋ, ಗಿರಣಿಯ ಹಾಜರಿ ಕಾರ್ಡೋ, ಬಾಡಿಗೆ ಚೀಟಿಯೋ ಇಂದು ಮೊಮ್ಮಗಳ ಕಾಲೇಜಿಗೆ ಆಧಾರವಾಗಬಲ್ಲದು. ಮುಂದಿನ ದೀಪಾವಳಿಗೆ ಮನೆ ಗುಡಿಸುವಾಗ ಹಳೆಯ ಕಾಗದವನ್ನು ಕಸಕ್ಕೆ ಹಾಕುವ ಮೊದಲು ಒಮ್ಮೆ ಓದಿ.

ಇಲ್ಲಿಯ ಸರ್ಟಿಫಿಕೇಟು ಸಿಕ್ಕ ಬಳಿಕವೂ ಪರಿಶೀಲನಾ ಸಮಿತಿಯಿಂದ ಜಾತಿ ವ್ಯಾಲಿಡಿಟಿ ಪಡೆಯಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹನ್ನೊಂದನೆಯ ತರಗತಿಯಲ್ಲೇ ಅರ್ಜಿ ಹೋಗಬೇಕು. ಹನ್ನೊಂದರಲ್ಲಿ ಅರ್ಜಿ ಹೋಗಬೇಕಾದರೆ ಕಾಗದ ಕೂಡಿಸುವ ಕೆಲಸ ಎಂಟರಲ್ಲಿ ಆರಂಭವಾಗಲೇಬೇಕು.

ಹಣದ ಮಾತು

ಎಂಟನೆಯ ತರಗತಿಯಲ್ಲೇ ಬರೆಯಬೇಕಾದ ಒಂದು ಪರೀಕ್ಷೆಯಿದೆ. ಆ ವರ್ಷ ತಪ್ಪಿದರೆ ಮತ್ತೆ ಅವಕಾಶವಿಲ್ಲ. ಅದು 2008ರಲ್ಲಿ ಆರಂಭವಾದ, ಎನ್.ಎಂ.ಎಂ.ಎಸ್. ಎಂದು ಕರೆಯಲ್ಪಡುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಅಥವಾ ಮಹಾನಗರಪಾಲಿಕೆಯ ಶಾಲೆಯಲ್ಲಿ ಓದುವ, ತಂದೆತಾಯಿಗಳ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳಿಗೆ ಇದು ಮೀಸಲು. ಬುದ್ಧಿಶಕ್ತಿಯದೊಂದು, ಶಾಲಾಪಾಠದ್ದೊಂದು, ಹೀಗೆ ಎರಡು ಪ್ರಶ್ನೆಪತ್ರಿಕೆಗಳು. ಆಯ್ಕೆಯಾದವರಿಗೆ 9ರಿಂದ 12ನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಹಣ ನೇರವಾಗಿ ಮಗುವಿನ ಬ್ಯಾಂಕು ಖಾತೆಗೆ ಬರುತ್ತದೆ. ಅರ್ಜಿ ಹೋಗುವುದು ಶಾಲೆಯ ಮೂಲಕ. ಶಾಲೆಯವರು ತಾವಾಗಿ ಹೇಳುವರೆಂದು ಕಾಯದೆ, ಜೂನ್ ತಿಂಗಳಲ್ಲೇ ಹೋಗಿ ಕೇಳಿ.

ಉಳಿತಾಯಕ್ಕೂ ಎಂಟನೆಯ ತರಗತಿಗೂ ಒಂದು ಅಂದವಾದ ಹೊಂದಿಕೆಯಿದೆ. ಅಂಚೆ ಕಚೇರಿಯ ಆರ್.ಡಿ. ಖಾತೆಯ ಅವಧಿ ಐದು ವರ್ಷ, ಅರುವತ್ತು ಕಂತು. ಎಂಟನೆಯ ತರಗತಿ ಆರಂಭವಾಗುವ ಜೂನ್‌ನಲ್ಲಿ ಖಾತೆ ತೆರೆದರೆ, ಹನ್ನೆರಡು ಮುಗಿದು ಕಾಲೇಜಿನ ಫೀಸು ಕಟ್ಟಬೇಕಾದ ಜೂನ್‌ನಲ್ಲೇ ಅದು ಕೈಗೆ ಬರುತ್ತದೆ. ತಿಂಗಳಿಗೆ 100 ರೂಪಾಯಿಯಿಂದಲೂ ಆರಂಭಿಸಬಹುದು. 1,000 ರೂಪಾಯಿಯಂತೆ ಕಟ್ಟಿದರೆ 60,000 ರೂಪಾಯಿ ಅಸಲು, ಮೇಲೆ ಬಡ್ಡಿ. ಪೂರ್ತಿ ಫೀಸಿಗೆ ಇದು ಸಾಲದಿರಬಹುದು. ಆದರೆ ಸೀಟು ಸಿಕ್ಕಿದ ದಿನ ಬಡ್ಡಿಯ ಶೇಟಜಿಯ ಅಂಗಡಿಗೆ ಓಡುವ ಪ್ರಸಂಗ ತಪ್ಪುತ್ತದೆ.

ಸಾಲ ಮಾಡಲೇಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲ ಮಾಡಿ. ಸರ್ಕಾರದ ಖಾತರಿ ಯೋಜನೆಯಡಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡವಿಡದೆ ಸಾಲ ದೊರೆಯುತ್ತದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಂತೆ ಆಯ್ದ ಉತ್ತಮ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ ಓದಿನ ಕಾಲದಲ್ಲಿ ಶೇಕಡಾ 3ರಷ್ಟು ಬಡ್ಡಿಯ ನೆರವಿದೆ. ಹೆಣ್ಣುಮಕ್ಕಳ ತಂದೆತಾಯಿಗಳು ಇನ್ನೊಂದನ್ನು ಗಮನಿಸಬೇಕು. ಆದಾಯ 8 ಲಕ್ಷ ಮೀರದ ಕುಟುಂಬಗಳ, ಆರ್ಥಿಕವಾಗಿ ದುರ್ಬಲ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಯರಿಗೆ ಮಹಾರಾಷ್ಟ್ರ ಸರ್ಕಾರವು 2024-25ರಿಂದ ವೃತ್ತಿಶಿಕ್ಷಣದ ಬೋಧನಾ ಶುಲ್ಕವನ್ನು ಪೂರ್ತಿಯಾಗಿ ವಹಿಸಿಕೊಂಡಿದೆ. ಹುಡುಗಿಗೆ ಅಷ್ಟು ಓದು ಏಕೆ, ಖರ್ಚು ಎಲ್ಲಿಂದ ಎನ್ನುವವರಿಗೆ ಈಗ ಎರಡನೆಯ ನೆಪ ಉಳಿದಿಲ್ಲ. ಮೊದಲನೆಯದು ಎಂದೂ ನೆಪವಾಗಿರಲಿಲ್ಲ.

ಇವೆಲ್ಲಕ್ಕೂ ತಹಸೀಲ್ದಾರರ ಆದಾಯ ಸರ್ಟಿಫಿಕೇಟು ಬೇಕು. ಕೈಗೆ ನಗದು ಪಗಾರ ಪಡೆಯುವ ಹೋಟೆಲು ಕೆಲಸಗಾರರು ಮಾಲಿಕರಿಂದ ಪಗಾರದ ಚೀಟಿ ಬರೆಸಿಕೊಳ್ಳುವ ರೂಢಿಯನ್ನು ಇಂದೇ ಆರಂಭಿಸುವುದು ಒಳ್ಳೆಯದು.

ಓದಿನ ಮಾತು

ಕಾಗದ ಎಷ್ಟೇ ಸರಿಯಿದ್ದರೂ ಓದುವುದು ಮಗುವೇ. ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ನನ್ನ ಅನುಭವದಂತೆ ಎರಡು ವಿಷಯಗಳಲ್ಲಿ ಕಾಲು ಜಾರುತ್ತದೆ. ಒಂದು ಗಣಿತ, ಇನ್ನೊಂದು ಇಂಗ್ಲಿಷು. ಬೀಜಗಣಿತವೂ ರೇಖಾಗಣಿತವೂ ಗಟ್ಟಿಯಾಗಿ ಬೇರೂರುವ ಕಾಲ ಅದು. ಬೋರ್ಡ್ ಪರೀಕ್ಷೆಯಿಲ್ಲದ ವರ್ಷವೆಂದು ಸಡಿಲ ಬಿಟ್ಟ ಗಣಿತ ಹನ್ನೊಂದನೆಯಲ್ಲಿ ಬಂದು ಬಾಗಿಲು ತಟ್ಟುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಹನ್ನೊಂದರಲ್ಲಿ ಒಮ್ಮೆಲೇ ಇಂಗ್ಲಿಷು ಎದುರಾಗುತ್ತದೆ. ಅಲ್ಲಿ ಅಡ್ಡಿಯಾಗುವುದು ಹೆಚ್ಚಾಗಿ ಬುದ್ಧಿಯಲ್ಲ, ವಿಜ್ಞಾನದ ಶಬ್ದಗಳು. ಒಂಬತ್ತನೆಯಿಂದ ದಿನಕ್ಕೆ ಐದು ಶಬ್ದಗಳನ್ನು ಎರಡೂ ಭಾಷೆಯಲ್ಲಿ ಬರೆದಿಟ್ಟುಕೊಂಡರೆ ಆ ಹೊಳೆ ದಾಟುವುದು ಕಷ್ಟವಲ್ಲ.

ಹತ್ತನೆಯ ಬಳಿಕದ ಕವಲುಗಳನ್ನು ಮೊದಲೇ ತಿಳಿದಿರಬೇಕು. ಇಂಜಿನಿಯರಿಂಗಿಗೆ ಭೌತಶಾಸ್ತ್ರ ಮತ್ತು ಗಣಿತ ಬೇಕು. ವೈದ್ಯಕೀಯಕ್ಕೆ ಭೌತ, ರಸಾಯನ, ಜೀವಶಾಸ್ತ್ರ. ಜೆ.ಇ.ಇ. ಮೂಲಕ ಎನ್.ಐ.ಟಿ. ಸೇರುವವನಿಗೆ ಸಾಮಾನ್ಯವಾಗಿ ಹನ್ನೆರಡನೆಯಲ್ಲಿ ಶೇಕಡಾ 75 ಅಂಕವೂ ಇರಬೇಕು, ಆದುದರಿಂದ ಕ್ಲಾಸಿನ ನೆಪದಲ್ಲಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸುವಂತಿಲ್ಲ. ದೆಹಲಿ ವಿಶ್ವವಿದ್ಯಾಲಯದಂತಹ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿ.ಯು.ಇ.ಟಿ. ಎಂಬ ಪ್ರವೇಶ ಪರೀಕ್ಷೆಯಿದೆ. ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ಪ್ರವೇಶವೇ 2025-26ರಿಂದ ಇಡೀ ರಾಜ್ಯದಲ್ಲಿ ಒಂದೇ ಆನ್‌ಲೈನ್ ವ್ಯವಸ್ಥೆಯ ಮೂಲಕ ನಡೆಯುತ್ತಿದೆ.

ಇನ್ನು ಡಾಕ್ಟರು, ಇಂಜಿನಿಯರು ಎಂಬ ಎರಡೇ ಹೆಸರು ಜಪಿಸುವುದೂ ಸರಿಯಲ್ಲ. ಹತ್ತನೆಯ ಬಳಿಕ ಮೂರು ವರ್ಷದ ಡಿಪ್ಲೊಮಾ ಮಾಡಿದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಮಧ್ಯದಲ್ಲಿ ನಿಲ್ಲಬೇಕಾಗಿ ಬಂದರೂ ಕೈಯಲ್ಲೊಂದು ಕೆಲಸ ಇರುತ್ತದೆ. ಲೆಕ್ಕದಲ್ಲಿ ಗಟ್ಟಿಯಾದ ಮಗುವಿಗೆ ಚಾರ್ಟರ್ಡ್ ಅಕೌಂಟೆಂಟ್ ಓದು ಇದೆ. ಹನ್ನೆರಡನೆಯ ಬಳಿಕ ಫೌಂಡೇಶನ್ ಪರೀಕ್ಷೆ ಬರೆಯಬಹುದು. ದೊಡ್ಡ ಫೀಸಿನ ಕಾಲೇಜಿನ ಗೊಡವೆಯಿಲ್ಲ, ಬೇಕಾದುದು ಶ್ರಮ. ಮನೆಯ ಸ್ಥಿತಿಯಿಂದ ಓದು ನಿಂತವರಿಗೆ ಮುಕ್ತ ವಿಶ್ವವಿದ್ಯಾಲಯಗಳಿವೆ.

ಕೊನೆಗೆ, ಮಗುವನ್ನು ಕೇಳಿ. ಇದನ್ನು ಕೊನೆಯಲ್ಲಿ ಬರೆದೆನಾದರೂ ಇದು ಮೊದಲನೆಯ ಮಾತು. ನಮ್ಮಲ್ಲಿ ಅನೇಕರು ಓದಬೇಕೆಂದಿದ್ದು ಓದಲಾಗದೆ ದುಡಿಮೆಗೆ ಬಿದ್ದವರು. ನಮಗೆ ಸಿಗದ ಓದನ್ನು ಮಕ್ಕಳ ಮೇಲೆ ಹೊರಿಸುವ ಆಸೆ ಸಹಜ. ಆದರೆ ಹೊರುವವನ ಹೆಗಲನ್ನೂ ನೋಡಬೇಕು. ಎಂಟರಲ್ಲಿ ಮಗುವಿಗೆ ಉತ್ತರ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ವರ್ಷಕ್ಕೊಮ್ಮೆ ಪ್ರೀತಿಯಿಂದ ಕೇಳುತ್ತ ಬಂದರೆ ಹತ್ತರ ಹೊತ್ತಿಗೆ ಅದು ತಾನೇ ಹೇಳುತ್ತದೆ.

ಐದು ವರ್ಷದ ಲೆಕ್ಕ

ನೆನಪಿಗಾಗಿ ಎಲ್ಲವನ್ನೂ ಒಟ್ಟುಗೂಡಿಸುತ್ತೇನೆ. ಎಂಟನೆಯ ತರಗತಿ: ರಾಜ್ಯದ ನಿರ್ಧಾರ, ಹೆಸರಿನ ತಿದ್ದುಪಡಿ, ಎನ್.ಎಂ.ಎಂ.ಎಸ್. ಪರೀಕ್ಷೆ, ಆರ್.ಡಿ. ಖಾತೆ, ಮೇ ರಜೆಯಲ್ಲಿ ಊರಿಗೆ ಹೋದಾಗ ತಂದೆತಾಯಿಗಳ ಶಾಲೆಯ ಮತ್ತು ಜಾತಿಯ ಕಾಗದ. ಒಂಬತ್ತು: ಗಣಿತ, ಇಂಗ್ಲಿಷು, ಕನ್ನಡ ಅಕ್ಷರ. ಹತ್ತು: ಕವಲಿನ ಆಯ್ಕೆ, ಡೊಮಿಸೈಲ್ ಕಾಗದಗಳ ಜೋಡಣೆ. ಹನ್ನೊಂದು: ಬೇಕಾದವರಿಗೆ ಜಾತಿ ವ್ಯಾಲಿಡಿಟಿಯ ಅರ್ಜಿ. ಹನ್ನೆರಡು: ಓದು ಮಾತ್ರ. ಆ ವರ್ಷ ಮಗುವಿನ ಎದುರು ಕಾಗದದ ಮಾತೇ ಬರಬಾರದು. ಅದು ಬಾರದಂತೆ ಮಾಡುವುದಕ್ಕೇ ಹಿಂದಿನ ನಾಲ್ಕು ವರ್ಷದ ಈ ಖಟಪಟಿ.

ಸದಸ್ಯರಲ್ಲದವರೂ ವಾಚನಾಲಯಕ್ಕೆ ಬರಬಹುದು; ಫೀಸಿಲ್ಲ. ಮನೆಯಲ್ಲಿ ಜಾಗವಿಲ್ಲದ ಮಕ್ಕಳಿಗೆ ಸಂಜೆ ಮೂಲೆಯ ಮೇಜನ್ನು ಓದಿಗಾಗಿ ಬಿಟ್ಟುಕೊಡುವ ರೂಢಿ ಇದೆ. ಎಂಟನೆಯ ತರಗತಿಯ ಮಗುವಿರುವ ತಂದೆತಾಯಿಗಳು ಒಂದು ಸಂಜೆ ಕಾಗದದ ಚೀಲ ಹಿಡಿದು ಬನ್ನಿ. ಯಾವುದಿದೆ, ಯಾವುದಿಲ್ಲ ಎಂದು ಒಟ್ಟಿಗೆ ಕುಳಿತು ನೋಡೋಣ. ಇಲ್ಲದ್ದನ್ನು ತರಿಸಿಕೊಳ್ಳಲು ಇನ್ನೂ ಐದು ವರ್ಷ ಕಾಲವಿದೆ.